ಪೈಲಟ್‌ಗಳ ಗಂಟೆಯ ಲೆಕ್ಕ: ಹಾರಿದ್ದೆಷ್ಟು, ಜಮೆಯಾದದ್ದೆಷ್ಟು?

2024ರ ಏಪ್ರಿಲ್ ಮೊದಲ ವಾರದಲ್ಲಿ ವಿಸ್ತಾರ ಸಂಸ್ಥೆಯ ವಿಮಾನಗಳು ಒಂದರ ಹಿಂದೊಂದರಂತೆ ರದ್ದಾದವು. ಕೊನೆಗೆ ಸಂಸ್ಥೆಯು ದಿನಕ್ಕೆ 25ರಿಂದ 30 ಹಾರಾಟಗಳನ್ನು, ಎಂದರೆ ತನ್ನ ಸಾಮರ್ಥ್ಯದ ಸುಮಾರು ಶೇ. 10ರಷ್ಟನ್ನು, ತಾನಾಗಿಯೇ ಕಡಿತಗೊಳಿಸಬೇಕಾಯಿತು. ಪೈಲಟ್‌ಗಳು, ಅದರಲ್ಲೂ ಸಹ ಪೈಲಟ್‌ಗಳು, ಸಾಕಷ್ಟು ಸಂಖ್ಯೆಯಲ್ಲಿ ಲಭ್ಯರಿರಲಿಲ್ಲ. ಹಲವರು ಅನಾರೋಗ್ಯದ ರಜೆ ಹಾಕಿದ್ದರು. ಏರ್ ಇಂಡಿಯಾದಲ್ಲಿ ವಿಲೀನಗೊಳ್ಳುವುದಕ್ಕೆ ಮುನ್ನ ವಿಸ್ತಾರ ತಂದ ಹೊಸ ವೇತನ ಒಪ್ಪಂದವೇ ಅಸಮಾಧಾನದ ಮೂಲ. ಅದುವರೆಗೆ ತಿಂಗಳಿಗೆ 70 ಗಂಟೆಗಳ ಹಾರಾಟಕ್ಕೆ ನಿಗದಿತ ವೇತನವಿತ್ತು. ಹೊಸ ಒಪ್ಪಂದದಲ್ಲಿ ಅದು 40 ಗಂಟೆಗೆ ಇಳಿದಿತ್ತು.

ಲಕ್ಷಗಳ ಲೆಕ್ಕದಲ್ಲಿ ಸಂಬಳ ಪಡೆಯುವವರು ಮೂವತ್ತು ಗಂಟೆಗಳಿಗಾಗಿ ಇಷ್ಟು ತಲೆ ಕೆಡಿಸಿಕೊಳ್ಳುವುದೇಕೆ ಎಂದು ಸಾಮಾನ್ಯ ಪ್ರಯಾಣಿಕನಿಗೆ ಅನ್ನಿಸುವುದು ಸಹಜ. ಆದರೆ ವಿಮಾನಯಾನದಲ್ಲಿ ‘ಗಂಟೆ’ ಎಂಬುದಕ್ಕೆ ಗಡಿಯಾರದ ಗಂಟೆಗಿಂತ ಬೇರೆಯೇ ಅರ್ಥವಿದೆ. ಅದನ್ನು ತಿಳಿಯದೆ ಪೈಲಟ್‌ಗಳ ವೇತನವಾಗಲಿ, ಅವರ ‘ಓವರ್‌ಟೈಮ್’ ಆಗಲಿ ಅರ್ಥವಾಗುವುದಿಲ್ಲ.

ಗಂಟೆ ಆರಂಭವಾಗುವುದು ಎಲ್ಲಿಂದ?

ಪೈಲಟ್‌ನ ವೇತನದ ಗಡಿಯಾರ ಆತ ಮನೆ ಬಿಟ್ಟಾಗಲಾಗಲಿ, ನಿಲ್ದಾಣದಲ್ಲಿ ಹಾಜರಿ ಹಾಕಿದಾಗಲಾಗಲಿ ಓಡಲು ಆರಂಭಿಸುವುದಿಲ್ಲ. ವಿಮಾನವು ತಂಗುದಾಣದಿಂದ ಹಾರಾಟದ ಉದ್ದೇಶಕ್ಕಾಗಿ ಕದಲಿದ ಕ್ಷಣದಿಂದ, ಗಮ್ಯಸ್ಥಾನ ತಲುಪಿ ಮತ್ತೆ ನಿಲ್ಲುವ ಕ್ಷಣದವರೆಗಿನ ಅವಧಿಯಷ್ಟೇ ಲೆಕ್ಕಕ್ಕೆ ಬರುತ್ತದೆ. ಇದಕ್ಕೆ ‘ಬ್ಲಾಕ್ ಅವಧಿ’ ಎಂದು ಹೆಸರು. ಹಾರಾಟಕ್ಕೆ ಮುನ್ನ ಹವಾಮಾನ ವರದಿ ಓದುವುದು, ಇಂಧನದ ಪ್ರಮಾಣ ನಿರ್ಧರಿಸುವುದು, ವಿಮಾನದ ಸುತ್ತ ನಡೆದು ಪರೀಕ್ಷಿಸುವುದು, ಎರಡು ಹಾರಾಟಗಳ ನಡುವೆ ಕಾಯುವುದು ಎಲ್ಲವೂ ಕೆಲಸವೇ. ಆದರೆ ಇವು ಕರ್ತವ್ಯದ ಅವಧಿಗೆ ಸೇರುತ್ತವೆಯೇ ಹೊರತು ಬ್ಲಾಕ್ ಅವಧಿಗೆ ಸೇರುವುದಿಲ್ಲ.

ಹೀಗಾಗಿ ಹನ್ನೆರಡು ಗಂಟೆ ಕರ್ತವ್ಯದಲ್ಲಿದ್ದ ಪೈಲಟ್‌ನ ಲೆಕ್ಕದಲ್ಲಿ ಕೇವಲ ಐದಾರು ಹಾರಾಟದ ಗಂಟೆಗಳಿರಬಹುದು. ತಿಂಗಳಿಗೆ 70 ಗಂಟೆ ಎಂದಾಕ್ಷಣ ಕಚೇರಿ ನೌಕರನ ಎರಡು ವಾರದ ದುಡಿಮೆಗೆ ಅದನ್ನು ಹೋಲಿಸುವುದು ಈ ಕಾರಣಕ್ಕೇ ಸರಿಯಲ್ಲ.

ಖಾತರಿ ಗಂಟೆ ಎಂಬ ಆಸರೆ

ಯಾವ ತಿಂಗಳು ಎಷ್ಟು ಹಾರಾಟ ದೊರೆಯುತ್ತದೆ ಎಂಬುದು ಪೈಲಟ್‌ನ ಕೈಯಲ್ಲಿಲ್ಲ. ರಜಾಕಾಲದಲ್ಲಿ ವಿಮಾನಗಳು ತುಂಬಿ ತುಳುಕುತ್ತವೆ, ಮಳೆಗಾಲದಲ್ಲಿ ಬೇಡಿಕೆ ಕುಗ್ಗುತ್ತದೆ. ವಿಮಾನವೇ ದುರಸ್ತಿಗೆ ನಿಂತರೆ ಪೈಲಟ್ ಕೂಡ ನೆಲದ ಮೇಲೆಯೇ ಉಳಿಯಬೇಕಾಗುತ್ತದೆ. ಈ ಏರಿಳಿತದಿಂದ ರಕ್ಷಣೆ ನೀಡುವುದೇ ಖಾತರಿ ಗಂಟೆ. ಹಾರಾಟ ಅದಕ್ಕಿಂತ ಕಡಿಮೆಯಾದರೂ ಖಾತರಿಯಷ್ಟು ಗಂಟೆಗಳ ವೇತನ ಸಲ್ಲುತ್ತದೆ. ಅದನ್ನು ಮೀರಿದ ಗಂಟೆಗಳಿಗೆ ಪ್ರತ್ಯೇಕ ಹಣ ಸಿಗುತ್ತದೆ. ಪೈಲಟ್‌ಗಳ ಮಾತಿನಲ್ಲಿ ಓವರ್‌ಟೈಮ್ ಎಂದರೆ ಸಾಮಾನ್ಯವಾಗಿ ಇದೇ.

ಭಾರತದಲ್ಲಿ ಕೋವಿಡ್‌ಗೆ ಮುನ್ನ 70 ಗಂಟೆಗಳ ಖಾತರಿ ರೂಢಿಯಲ್ಲಿತ್ತು. ಸ್ಪೈಸ್‌ಜೆಟ್ 2023ರ ಮೇ ತಿಂಗಳಿನಲ್ಲಿ ತನ್ನ ಕ್ಯಾಪ್ಟನ್‌ಗಳಿಗೆ 75 ಗಂಟೆಗಳ ಹಾರಾಟಕ್ಕೆ ತಿಂಗಳಿಗೆ 7.5 ಲಕ್ಷ ರೂಪಾಯಿ ವೇತನ ಪ್ರಕಟಿಸಿತ್ತು. ಎಂದರೆ ಗಂಟೆಗೆ 10,000 ರೂಪಾಯಿ.

ಇದೇ ದರವನ್ನು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡು ನೋಡಬಹುದು. ಒಬ್ಬ ಪೈಲಟ್ ಒಂದು ತಿಂಗಳಲ್ಲಿ 55 ಗಂಟೆ ಹಾರಿದ ಎಂದುಕೊಳ್ಳೋಣ. 70 ಗಂಟೆಗಳ ಖಾತರಿ ಇದ್ದರೆ ಆತನಿಗೆ 7 ಲಕ್ಷ ರೂಪಾಯಿ ದೊರೆಯುತ್ತದೆ. ಖಾತರಿ 40 ಗಂಟೆಯಾದರೆ 4 ಲಕ್ಷದ ಜೊತೆಗೆ ಹೆಚ್ಚುವರಿ 15 ಗಂಟೆಗಳ ಒಂದೂವರೆ ಲಕ್ಷ ಸೇರಿ ಐದೂವರೆ ಲಕ್ಷವಾಗುತ್ತದೆ. ದುಡಿಮೆ ಅಷ್ಟೇ, ದರವೂ ಅಷ್ಟೇ. ಆದರೆ ಕೈಗೆ ಬರುವ ಹಣದಲ್ಲಿ ಒಂದೂವರೆ ಲಕ್ಷದ ವ್ಯತ್ಯಾಸ. ಹಾರಾಟವಿಲ್ಲದ ದಿನಗಳ ನಷ್ಟವನ್ನು ಸಂಸ್ಥೆ ಹೊರಬೇಕೋ ಪೈಲಟ್ ಹೊರಬೇಕೋ ಎಂಬುದನ್ನು ಖಾತರಿ ಗಂಟೆಯೇ ತೀರ್ಮಾನಿಸುತ್ತದೆ.

ಅಮೆರಿಕದ ಜಮಾ ಪದ್ಧತಿ

ಈ ಲೆಕ್ಕಾಚಾರವನ್ನು ಅತ್ಯಂತ ವಿವರವಾಗಿ ಬೆಳೆಸಿದವರು ಅಮೆರಿಕದ ಪೈಲಟ್ ಸಂಘಟನೆಗಳು. 1931ರಲ್ಲಿ ಅಲ್ಲಿ ವಿಮಾನ ಪೈಲಟ್‌ಗಳ ಸಂಘ ಸ್ಥಾಪನೆಯಾಯಿತು. 1934ರಲ್ಲಿ ರಾಷ್ಟ್ರೀಯ ಕಾರ್ಮಿಕ ಮಂಡಳಿಯು ನೀಡಿದ 83ನೇ ತೀರ್ಪು ತಿಂಗಳಿಗೆ 85 ಗಂಟೆಗಳ ಹಾರಾಟದ ಮಿತಿ ವಿಧಿಸಿ, ವೇತನಕ್ಕೆ ಒಂದು ಸೂತ್ರವನ್ನೂ ಒದಗಿಸಿತು. ಮುಂದಿನ ಒಪ್ಪಂದಗಳೆಲ್ಲ ಆ ತಳಹದಿಯ ಮೇಲೆ ಬೆಳೆದವು.

ಅಮೆರಿಕದ ಪೈಲಟ್‌ಗೆ ವೇತನ ದೊರೆಯುವುದು ನಿಜವಾಗಿ ಹಾರಿದ ಗಂಟೆಗಳಿಗಲ್ಲ, ‘ಕ್ರೆಡಿಟ್’ ಗಂಟೆಗಳಿಗೆ. ಕನ್ನಡದಲ್ಲಿ ಇವನ್ನು ಜಮಾ ಗಂಟೆಗಳು ಎನ್ನಬಹುದು. ಹಾರಿದ ಗಂಟೆ ಎಷ್ಟೇ ಇರಲಿ, ಒಪ್ಪಂದದ ಸೂತ್ರಗಳ ಪ್ರಕಾರ ಪೈಲಟ್‌ನ ಖಾತೆಗೆ ಎಷ್ಟು ಜಮೆಯಾಗುತ್ತದೆ ಎಂಬುದೇ ಮುಖ್ಯ. ಸಂಖ್ಯೆಗಳು ಒಪ್ಪಂದದಿಂದ ಒಪ್ಪಂದಕ್ಕೆ ಬದಲಾದರೂ ಸೂತ್ರಗಳು ಬಹುತೇಕ ಒಂದೇ.

ಮೊದಲನೆಯದು, ವೇಳಾಪಟ್ಟಿಯ ಅವಧಿ ಮತ್ತು ವಾಸ್ತವ ಅವಧಿಗಳಲ್ಲಿ ಯಾವುದು ಹೆಚ್ಚೋ ಅದನ್ನು ಪರಿಗಣಿಸುವುದು. 2 ಗಂಟೆ 45 ನಿಮಿಷದ ಹಾರಾಟ ಅನುಕೂಲಕರ ಗಾಳಿಯಿಂದ ಎರಡೂವರೆ ಗಂಟೆಯಲ್ಲೇ ಮುಗಿದರೂ ಜಮೆಯಾಗುವುದು 2 ಗಂಟೆ 45 ನಿಮಿಷವೇ. ಇಳಿಯಲು ಅನುಮತಿ ಸಿಗದೆ ಆಕಾಶದಲ್ಲಿ ಸುತ್ತಿ 3 ಗಂಟೆ ಹಿಡಿದರೆ 3 ಗಂಟೆ ಜಮೆಯಾಗುತ್ತದೆ. ಬೇಗ ತಲುಪಿದ್ದಕ್ಕೆ ಶಿಕ್ಷೆಯೂ ಇಲ್ಲ, ತಡವಾದದ್ದಕ್ಕೆ ನಷ್ಟವೂ ಇಲ್ಲ. ಅವಸರದ ಹಾರಾಟಕ್ಕೆ ಆಮಿಷವಿರಬಾರದೆಂಬುದು ಇದರ ಸದ್ಗುಣ.

ಎರಡನೆಯದು, ದಿನದ ಕನಿಷ್ಠ ಜಮೆ. ಕೆಲಸಕ್ಕೆ ಕರೆಸಿ ಒಂದೇ ಗಂಟೆ ಹಾರಿಸಿದರೂ ದಿನಕ್ಕೆ ಸುಮಾರು ಐದು ಗಂಟೆಗಳಷ್ಟನ್ನು ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಮೂರನೆಯದು ‘ರಿಗ್’ ಎಂಬ ಅನುಪಾತ. ಇದರಲ್ಲಿ ಎರಡು ಬಗೆ. ಕರ್ತವ್ಯದ ಪ್ರತಿ ಎರಡು ಗಂಟೆಗೆ ಕನಿಷ್ಠ ಒಂದು ಗಂಟೆ ಜಮೆ ಎಂಬುದು ಒಂದು. ಹನ್ನೆರಡು ಗಂಟೆ ಕರ್ತವ್ಯದಲ್ಲಿದ್ದು ನಾಲ್ಕೇ ಗಂಟೆ ಹಾರಿದವನಿಗೆ ಇದರಂತೆ ಆರು ಗಂಟೆ ಸಲ್ಲುತ್ತದೆ. ಊರು ಬಿಟ್ಟು ಹೊರಗಿದ್ದ ಪ್ರತಿ ಮೂರೂವರೆ ಗಂಟೆಗೆ ಕನಿಷ್ಠ ಒಂದು ಗಂಟೆ ಜಮೆ ಎಂಬುದು ಇನ್ನೊಂದು. 84 ಗಂಟೆ ಹೊರಗಿದ್ದು 18 ಗಂಟೆ ಮಾತ್ರ ಹಾರಿದವನಿಗೆ ಇದರಿಂದ 24 ಗಂಟೆ ಜಮೆಯಾಗುತ್ತದೆ. ಪರ ಊರಿನ ಹೋಟೆಲಿನಲ್ಲಿ ಪೈಲಟ್‌ನನ್ನು ಸುಮ್ಮನೆ ಕೂರಿಸಿದರೆ ಸಂಸ್ಥೆಯೇ ಬೆಲೆ ತೆರಬೇಕಾಗುತ್ತದೆ. ಆದ್ದರಿಂದ ವೇಳಾಪಟ್ಟಿಯನ್ನು ಅಚ್ಚುಕಟ್ಟಾಗಿ ಹೆಣೆಯುವ ಒತ್ತಡ ಸಂಸ್ಥೆಯ ಮೇಲೆಯೇ ಬೀಳುತ್ತದೆ.

ಈ ಸೂತ್ರಗಳಲ್ಲಿ ಯಾವುದರಿಂದ ಹೆಚ್ಚು ಗಂಟೆ ಬರುತ್ತದೋ ಅದೇ ಊರ್ಜಿತ. ಇನ್ನೊಂದು ಹಾರಾಟವನ್ನು ಹಿಡಿಯಲು ಪೈಲಟ್ ಪ್ರಯಾಣಿಕನಾಗಿ ಕುಳಿತು ಹೋದ ಅವಧಿಗೂ ಅಲ್ಲಿ ಜಮೆಯುಂಟು.

ಕಾನೂನಿನಲ್ಲಿಲ್ಲದ ಓವರ್‌ಟೈಮ್

ಕಾರ್ಖಾನೆಯ ಕಾರ್ಮಿಕನಿಗೆ ನಿಗದಿತ ಅವಧಿ ಮೀರಿದ ದುಡಿಮೆಗೆ ಎರಡು ಪಟ್ಟು ಕೂಲಿ ಎಂಬ ತತ್ವ ಭಾರತದಲ್ಲಿ 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಪರಿಚಿತ. ಅಮೆರಿಕದಲ್ಲಿ 1938ರ ನ್ಯಾಯಯುತ ಕಾರ್ಮಿಕ ಮಾನದಂಡ ಕಾಯ್ದೆಯು ವಾರಕ್ಕೆ 40 ಗಂಟೆ ಮೀರಿದ ಕೆಲಸಕ್ಕೆ ಒಂದೂವರೆ ಪಟ್ಟು ವೇತನ ಕೊಡಿಸುತ್ತದೆ. ಆದರೆ ರೈಲ್ವೆ ಕಾರ್ಮಿಕ ಕಾಯ್ದೆಯ ವ್ಯಾಪ್ತಿಗೆ ಬರುವ ವಿಮಾನಯಾನ ನೌಕರರನ್ನು ಅದರ ಓವರ್‌ಟೈಮ್ ನಿಯಮದಿಂದ ಹೊರಗಿಡಲಾಗಿದೆ. ಪೈಲಟ್‌ನ ಹೆಚ್ಚುವರಿ ವೇತನ ಕಾನೂನಿನ ಕೊಡುಗೆಯಲ್ಲ. ಚೌಕಾಸಿಯಿಂದ ಪಡೆದ ಒಪ್ಪಂದದ ಫಲ.

ಖಾತರಿ ಮೀರಿ ಹಾರಿದ ಮಾತ್ರಕ್ಕೆ ಅಮೆರಿಕದಲ್ಲಿ ದರ ತಾನಾಗಿ ಏರುವುದಿಲ್ಲ. ಎಷ್ಟೋ ವೇಳೆ ಹೆಚ್ಚುವರಿ ಗಂಟೆಗೂ ಮಾಮೂಲಿ ದರವೇ. ಆದರೆ ರಜೆಯ ದಿನದಂದು ಕರೆದಾಗ, ಹಾರಾಟ ನಡೆಸಲು ಬೇರೆ ಯಾರೂ ಸಿಗದಿದ್ದಾಗ, ಒಂದೂವರೆ ಅಥವಾ ಎರಡು ಪಟ್ಟು ದರ ಅನ್ವಯಿಸುತ್ತದೆ. ಡೆಲ್ಟಾ ಸಂಸ್ಥೆಯಲ್ಲಿ ಇಂಥ ಎರಡು ಪಟ್ಟಿನ ಕೆಲಸವನ್ನು ‘ಗ್ರೀನ್ ಸ್ಲಿಪ್’ ಎಂದು ಕರೆಯುತ್ತಾರೆ.

ಈ ಹೆಚ್ಚುವರಿ ದುಡಿಮೆಯ ಮೇಲೆ ಸಂಸ್ಥೆಗಳು ಎಷ್ಟು ಅವಲಂಬಿತವಾಗಿವೆ ಎಂಬುದು ಆಗಾಗ್ಗೆ ಬಯಲಾಗಿದೆ. 2000ನೇ ಇಸವಿಯ ಬೇಸಿಗೆಯಲ್ಲಿ ಒಪ್ಪಂದದ ಮಾತುಕತೆ ಎಳೆದಾಡುತ್ತಿದ್ದಾಗ ಯುನೈಟೆಡ್ ಸಂಸ್ಥೆಯ ಪೈಲಟ್‌ಗಳು ಓವರ್‌ಟೈಮ್ ಹಾರಾಟವನ್ನು ನಿರಾಕರಿಸಿದರು. ಮುಷ್ಕರ ನಡೆಯಲಿಲ್ಲ, ಆದರೂ ಸಾವಿರಾರು ವಿಮಾನಗಳು ರದ್ದಾದವು. 2017ರಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಗಣಕ ವ್ಯವಸ್ಥೆಯ ದೋಷದಿಂದ ಕ್ರಿಸ್‌ಮಸ್ ಕಾಲದಲ್ಲಿ ಮಿತಿಮೀರಿದ ಪೈಲಟ್‌ಗಳು ತಮ್ಮ ಹಾರಾಟಗಳನ್ನು ಕೈಬಿಡಲು ಸಾಧ್ಯವಾಯಿತು. ಸಂಸ್ಥೆ ಮೊದಲು ಒಂದೂವರೆ ಪಟ್ಟು ವೇತನ ಕೊಡುವುದಾಗಿ ಹೇಳಿತು. ಪೈಲಟ್ ಸಂಘ ಆಕ್ಷೇಪಿಸಿದ ಬಳಿಕ ಎರಡು ಪಟ್ಟಿಗೆ ಒಪ್ಪಿತು.

ಜಮೆಗೆ ಮಿತಿಯಿಲ್ಲ, ಹಾರಾಟಕ್ಕೆ ಇದೆ

ಹಣದ ಆಸೆಗೆ ಪೈಲಟ್ ಎಷ್ಟು ಬೇಕಾದರೂ ಹಾರಬಹುದೇ? ಇಲ್ಲ. ಭಾರತದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಸತತ ಏಳು ದಿನಗಳಲ್ಲಿ 35 ಗಂಟೆ, ವರ್ಷಕ್ಕೆ 1,000 ಗಂಟೆಗಳ ಮಿತಿ ವಿಧಿಸಿದೆ. ಅಮೆರಿಕದಲ್ಲೂ ವರ್ಷದ ಮಿತಿ 1,000 ಗಂಟೆಯೇ. 28 ದಿನಗಳಿಗೆ ಸಮನಾದ 672 ಗಂಟೆಗಳಲ್ಲಿ 100 ಗಂಟೆ ಮೀರುವಂತಿಲ್ಲ. ಈ ಮಿತಿಗಳು ಎಣಿಸುವುದು ನಿಜವಾಗಿ ಹಾರಿದ ಗಂಟೆಗಳನ್ನು. ಆದ್ದರಿಂದ 80 ಗಂಟೆ ಹಾರಿದ ಪೈಲಟ್ 100 ಗಂಟೆಗೂ ಮೀರಿದ ವೇತನ ಪಡೆದರೆ ಅದರಲ್ಲಿ ನಿಯಮಭಂಗವೇನಿಲ್ಲ.

ಅಮೆರಿಕದ ಈಗಿನ ನಿಯಮಗಳ ಹಿಂದೆ ಒಂದು ದುರಂತವಿದೆ. 2009ರ ಫೆಬ್ರುವರಿ 12ರಂದು ಬಫಲೊ ನಗರದ ಸಮೀಪ ಕೋಲ್ಗನ್ ಏರ್ ವಿಮಾನ ಉರುಳಿ 50 ಮಂದಿ ಸತ್ತರು. ಆ ವಿಮಾನದ ಸಹ ಪೈಲಟ್ ಹಿಂದಿನ ರಾತ್ರಿ ಸಿಯಾಟಲ್‌ನಿಂದ ದೇಶವನ್ನೇ ದಾಟಿ ಕೆಲಸಕ್ಕೆ ಬಂದಿದ್ದರು. ತನಿಖೆಯು ಪೈಲಟ್‌ಗಳ ದಣಿವಿನ ಪ್ರಶ್ನೆಯನ್ನು ಮುನ್ನೆಲೆಗೆ ತಂದಿತು. ವಿಶ್ರಾಂತಿಯ ಹೊಸ ನಿಯಮಗಳು 2014ರ ಜನವರಿಯಲ್ಲಿ ಜಾರಿಗೆ ಬಂದವು.

ಭಾರತ ಇದೇ ಹಾದಿಯಲ್ಲಿ 2024ರಲ್ಲಿ ನಿಯಮ ಪರಿಷ್ಕರಿಸಿತು. ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತು. ರಾತ್ರಿ ಪಾಳಿಯಲ್ಲಿ ಅನುಮತಿಸಿದ್ದ ಭೂಸ್ಪರ್ಶಗಳ ಸಂಖ್ಯೆ ಆರರಿಂದ ಎರಡಕ್ಕೆ ಇಳಿಯಿತು. ಎರಡನೇ ಹಂತ 2025ರ ನವೆಂಬರ್ 1ರಂದು ಜಾರಿಯಾದ ಬಳಿಕ, ಡಿಸೆಂಬರ್ ಮೊದಲ ವಾರದಲ್ಲಿ ಇಂಡಿಗೋ ವ್ಯವಸ್ಥೆಯೇ ಕುಸಿಯಿತು. ಡಿಸೆಂಬರ್ 5ರಂದು ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನಗಳು ರದ್ದಾದವು. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲೂ ಪ್ರಯಾಣಿಕರು ಪರದಾಡಿದರು. ನಿಯಮದಿಂದ ಸಂಸ್ಥೆಗೆ 2026ರ ಫೆಬ್ರುವರಿ 10ರವರೆಗೆ ತಾತ್ಕಾಲಿಕ ವಿನಾಯಿತಿ ನೀಡಲಾಯಿತು. ಜನವರಿಯಲ್ಲಿ 22.20 ಕೋಟಿ ರೂಪಾಯಿ ದಂಡವನ್ನೂ ವಿಧಿಸಲಾಯಿತು. ಸಂಸ್ಥೆ ಎಷ್ಟೇ ಹಣ ಕೊಡಲು ಸಿದ್ಧವಿದ್ದರೂ ವಿಶ್ರಾಂತಿಯ ಗಂಟೆಯನ್ನು ಓವರ್‌ಟೈಮ್‌ನಿಂದ ಕೊಂಡುಕೊಳ್ಳಲಾಗದು. ಆ ಕೊರತೆಯನ್ನು ಹೊಸ ಪೈಲಟ್‌ಗಳೇ ತುಂಬಬೇಕು.

70 ಮತ್ತು 40ರ ನಡುವೆ

ವರ್ಷಕ್ಕೆ 1,000 ಗಂಟೆ ಎಂದರೆ ತಿಂಗಳಿಗೆ ಸರಾಸರಿ 83 ಗಂಟೆ. ಖಾತರಿ 70 ಆಗಿದ್ದರೆ ಓವರ್‌ಟೈಮ್‌ಗೆ ಉಳಿಯುವ ಜಾಗ 13 ಗಂಟೆ ಮಾತ್ರ. ಖಾತರಿ 40ಕ್ಕೆ ಇಳಿದರೆ ಅದು 43 ಗಂಟೆಗೆ ಹಿಗ್ಗುತ್ತದೆ. ಮೊದಲನೆಯದರಲ್ಲಿ ಓವರ್‌ಟೈಮ್ ಎಂಬುದು ಊಟದೊಂದಿಗಿನ ಹಪ್ಪಳದಂತೆ. ಎರಡನೆಯದರಲ್ಲಿ ಅದೇ ಅನ್ನವಾಗುತ್ತದೆ. ಮನೆಸಾಲದ ಕಂತು, ಪೈಲಟ್ ತರಬೇತಿಗೆಂದು ಮಾಡಿದ ಸಾಲದ ಕಂತು ಎಲ್ಲವೂ ಆ ಗಂಟೆಗಳ ಮೇಲೆಯೇ ನಿಲ್ಲುತ್ತವೆ. ವೇತನ ಕಡಿಮೆ, ಸಾಲ ಹೆಚ್ಚು ಇರುವ ಸಹ ಪೈಲಟ್‌ಗೆ ಇದರ ಬಿಸಿ ಮೊದಲು ತಟ್ಟುತ್ತದೆ. ಏರ್ ಇಂಡಿಯಾ 2023ರ ಏಪ್ರಿಲ್‌ನಲ್ಲಿ 40 ಗಂಟೆಗಳ ಖಾತರಿಯ ವೇತನ ಪ್ರಕಟಿಸಿದಾಗಲೂ ಪೈಲಟ್ ಸಂಘಗಳು ವಿರೋಧಿಸಿದ್ದವು.

ಸಂಸ್ಥೆಗಳ ವಾದದಲ್ಲೂ ಹುರುಳಿಲ್ಲದಿಲ್ಲ. ಹಾರದ ಗಂಟೆಗೆ ಹಣ ತೆತ್ತು ನಷ್ಟದಲ್ಲಿ ಮುಳುಗಿದ ವಿಮಾನಯಾನ ಸಂಸ್ಥೆಗಳನ್ನು ಭಾರತ ಸಾಕಷ್ಟು ಕಂಡಿದೆ. ಹೆಚ್ಚು ಹಾರುವವರಿಗೆ ಹೆಚ್ಚು ದೊರೆಯಲಿ ಎಂಬ ತರ್ಕವೂ ಮೇಲ್ನೋಟಕ್ಕೆ ನ್ಯಾಯವಾಗಿಯೇ ಕಾಣುತ್ತದೆ.

ಆದರೆ ವಿಮಾನ ಹಾರಿಸುವ ಕೆಲಸದಲ್ಲಿ ಮತ್ತೊಂದು ಸಂಗತಿ ಇದೆ. ದಣಿದ ಪೈಲಟ್ ‘ಇಂದು ನನ್ನಿಂದಾಗದು’ ಎಂದು ಹೇಳಬೇಕೆಂದು ನಿಯಮಗಳು ಬಯಸುತ್ತವೆ. ಅಷ್ಟನ್ನು ಅಳೆದು ಹೇಳುವ ಯಂತ್ರವಿಲ್ಲ, ಹೇಳಬೇಕಾದವನು ಆತನೇ. 70 ಗಂಟೆಗಳ ಖಾತರಿ ಇದ್ದು 60 ಗಂಟೆ ಹಾರಿದವನು ಹಾಗೆ ಹೇಳಿದರೆ ಸಂಬಳಕ್ಕೆ ಧಕ್ಕೆಯಿಲ್ಲ. 40 ಗಂಟೆಗಳ ಖಾತರಿಯವನು ಹಾಗೆಂದ ಕೂಡಲೇ ಆ ದಿನದ ಗಂಟೆಗಳು ಕೈತಪ್ಪುತ್ತವೆ. ಪೈಲಟ್‌ಗಳ ವೇತನ ಒಪ್ಪಂದದ ಸಣ್ಣ ಅಕ್ಷರಗಳು ಹಿಂದಿನ ಸಾಲುಗಳಲ್ಲಿ ಕುಳಿತ ಪ್ರಯಾಣಿಕನಿಗೂ ಸಂಬಂಧಿಸಿದವು ಎನ್ನುವುದು ಈ ಕಾರಣದಿಂದ.