ಕಿವಿಯೋಲೆ ಕೀಳಬೇಡಿ



ಕಾಗಾಲದ ಕೊಟ್ಟಿಗೆಯೊಂದರಲ್ಲಿ ಹೊಸದಾಗಿ ಕೊಂಡ ಹಸು ಕಂದು ಹಾಕಿತ್ತು. ಕಂದು ರೋಗದ ಲಸಿಕೆ ಆಗಿತ್ತೇ ಎಂದರೆ ಮನೆಯವರಿಗೆ ಗೊತ್ತಿಲ್ಲ. ಕಿವಿಯೋಲೆಯೂ ಇರಲಿಲ್ಲ.

ಈ ಲಸಿಕೆ 4ರಿಂದ 8 ತಿಂಗಳ ಹೆಣ್ಣುಕರುವಿಗೆ ಜೀವಮಾನಕ್ಕೆ ಒಮ್ಮೆ ಮಾತ್ರ. ಲಸಿಕೆ ಪಡೆದ ಹಸುವಿನ ರಕ್ತಪರೀಕ್ಷೆಯಲ್ಲೂ ಕೆಲವೊಮ್ಮೆ ರೋಗವಿದ್ದಂತೆ ಕಾಣುತ್ತದೆ. ಆಗ ದಾಖಲೆಯೇ ದಾರಿ.

ಹಳದಿ ಓಲೆಯ ಮೇಲಿರುವುದು 12 ಅಂಕಿ ಮಾತ್ರ. ಲಸಿಕೆ, ಗರ್ಭಧಾರಣೆ, ಚಿಕಿತ್ಸೆಯ ವಿವರ ‘ಭಾರತ್ ಪಶುಧನ್’ ದಾಖಲೆಯಲ್ಲಿರುತ್ತದೆ. ಓಲೆ ನೋಡಿದವರಿಗೆಲ್ಲ ನಿಮ್ಮ ವಿವರ ಸಿಗದು.

• ಹಸು ಕೊಳ್ಳುವಾಗ ಓಲೆ ನೋಡಿ. ಮಾಲೀಕತ್ವ ನಿಮ್ಮ ಹೆಸರಿಗೆ ಬದಲಿಸಿ.
• ಓಲೆ ಬಿದ್ದರೆ ಪಶು ಆಸ್ಪತ್ರೆಗೆ ತಿಳಿಸಿ.
• ಓಟಿಪಿಯನ್ನು ಕೊಟ್ಟಿಗೆಗೆ ಬಂದ ಸಿಬ್ಬಂದಿಗಷ್ಟೇ ಹೇಳಿ. ಫೋನಿನಲ್ಲಿ ಕೇಳಿದವರಿಗೆ ಬೇಡ.

– ಪಶುವೈದ್ಯಾಧಿಕಾರಿ