ಟಿವಿ ತೋರಿಸಿದವನ ಪಗಾರ ಯಾರು ಕೊಡ್ತಾರ?

1982ರ ದಿಲ್ಲಿ ಏಷ್ಯಾಡ್ ಹೊತ್ತಿಗೆ ದೇಶಕ್ಕೆ ಬಂದ ಬಣ್ಣದ ಟಿವಿಗೆ ಎಂಟು ಸಾವಿರ ರೂಪಾಯಿ ಆಸುಪಾಸು ಬೆಲೆಯಿತ್ತು. ಇವತ್ತು ಹುಬ್ಬಳ್ಳಿಯ ಅಂಗಡಿಯಲ್ಲಿ 32 ಇಂಚಿನ ಸಾದಾ ಟಿವಿಗೂ ಹೆಚ್ಚೂಕಡಿಮೆ ಅಷ್ಟೇ ರೊಕ್ಕ. ಆದರೆ ಅಂಗಡಿ ನೌಕರನ ಪಗಾರ ಹಾಗೆ ನಿಂತಲ್ಲೇ ನಿಲ್ಲುವಂಥದ್ದಲ್ಲ. 1948ರ ಕನಿಷ್ಠ ವೇತನ ಕಾಯ್ದೆ ಬಂದಾಗಿನಿಂದ ದರ ಗೊತ್ತುಮಾಡುವುದು ಸರ್ಕಾರ. ಬೆಲೆ ಸೂಚ್ಯಂಕ ಏರಿದರೆ ಏಪ್ರಿಲ್‌ನಿಂದ ತುಟ್ಟಿಭತ್ಯೆಯೂ ಏರುತ್ತದೆ. ಅದರ ಮೇಲೆ ಪಿಎಫ್‌ಗೆ ಮಾಲೀಕನ ಪಾಲು ಶೇ 12, ಇಎಸ್‌ಐಗೆ ಶೇ 3.25. ಮಾಲು ಅಗ್ಗವಾಗುತ್ತಾ, ಮಾರುವ ಆಳು ತುಟ್ಟಿಯಾಗುತ್ತಾ ಹೋದರೆ ಅಂಗಡಿ ನಡೆಯುವುದು ಹೇಗೆ?

ಉತ್ತರ ಅಂಗಡಿಯೊಳಗೇ ಅಡ್ಡಾಡುತ್ತಿದೆ. ಟಿವಿ ಗೋಡೆಯ ಮುಂದೆ ನಗುನಗುತ್ತಾ ‘ಬರ್ರಿ ಸರ’ ಎನ್ನುವ ಹುಡುಗನ ಅಂಗಿಯ ಮೇಲೆ ಯಾವ ಹೆಸರಿದೆ ನೋಡಿ. ಬಹಳ ಸಲ ಅದು ಅಂಗಡಿಯದಲ್ಲ, ಟಿವಿ ಕಂಪನಿಯದು. ಅವನು ‘ಪ್ರಮೋಟರ್’. ಪಗಾರ ಕಂಪನಿಯದು, ಅದೂ ನಡುವಿನ ಏಜೆನ್ಸಿಯ ಕೈಯಿಂದ. ತಿಂಗಳ ಟಾರ್ಗೆಟ್ ಮುಟ್ಟಿದರೆ ಇನ್ಸೆಂಟಿವ್. ಮೂಲೆಯ ಮೇಜಿನಲ್ಲಿ ಇಎಂಐ ಮಾಡಿಕೊಡುವವನು ಫೈನಾನ್ಸ್ ಕಂಪನಿಯವನು. ಅಂಗಡಿಯ ಸ್ವಂತದವರೆಂದರೆ ಕೌಂಟರ್, ಗೋದಾಮಿನ ಕೆಲವರು. ಹೀಗಾಗಿ ‘ಯಾವುದು ಛಲೋ ಐತಿ?’ ಎಂದು ನೀವು ಕೇಳಿದರೆ ಸಿಗುವುದು ಸಲಹೆಯಲ್ಲ, ಟಾರ್ಗೆಟ್. ಹುಡುಗನನ್ನು ಬೈದು ಉಪಯೋಗವಿಲ್ಲ. ಅವನ ಅನ್ನ ಅಲ್ಲಿದೆ.

ಅಮೆರಿಕದ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಸರಣಿ ಸರ್ಕಿಟ್ ಸಿಟಿ ಇದೇ ಲೆಕ್ಕವನ್ನು ಇನ್ನೊಂದು ರೀತಿ ಬಿಡಿಸಹೋಯಿತು. 2003ರಲ್ಲಿ ಕಮಿಷನ್ ಪದ್ಧತಿ ತೆಗೆಯಿತು. 2007ರಲ್ಲಿ, ಪಗಾರ ಜಾಸ್ತಿಯಾಯಿತೆಂದು ಸುಮಾರು 3,400 ನೌಕರರನ್ನು ಒಮ್ಮೆಲೇ ಮನೆಗೆ ಕಳಿಸಿ, ಕಡಿಮೆಗೆ ಬರುವವರನ್ನು ತೆಗೆದುಕೊಳ್ಳಲು ಹೊರಟಿತು. 2009ರ ಹೊತ್ತಿಗೆ ಅದರ ಮಳಿಗೆಗಳೆಲ್ಲ ಮುಚ್ಚಿದ್ದವು. ಮುಳುಗಲು ಬೇರೆ ಕಾರಣಗಳೂ ಇದ್ದವು, ಒಪ್ಪೋಣ. ಆದರೆ ಮಾಲಿನ ಮರ್ಮ ಬಲ್ಲವರನ್ನೇ ಹೊರಗಟ್ಟಿದ ಅಂಗಡಿಗೆ ಗಿರಾಕಿ ಯಾಕೆ ಬರಬೇಕು? ನಮ್ಮವರು ಯಾರನ್ನೂ ಹೊರಗಟ್ಟಲಿಲ್ಲ, ಪಗಾರದ ಪಟ್ಟಿಯನ್ನೇ ಬೇರೆಯವರ ಕೈಗಿತ್ತರು.

ಮನೆಗೆ ಬಂದು ಟಿವಿ ಕೂರಿಸುವ ಕೆಲಸದ್ದೂ ಇದೇ ಕತೆ. ಹಿಂದೆ ಟಿವಿ ಮಾರಿದ ಅಂಗಡಿಯವನೇ ಹಂಚಿನ ಮೇಲೆ ಹತ್ತಿ ಆಂಟೆನಾ ತಿರುವುತ್ತಿದ್ದ. ಈಗಿನ ರೀತಿ ನೋಡಿದ್ದು ಲಕಮನಹಳ್ಳಿಯಲ್ಲಿ. ಹುಬ್ಬಳ್ಳಿ-ಧಾರವಾಡ ರಸ್ತೆಯಲ್ಲಿ, ಕೈಗಾರಿಕಾ ಪ್ರದೇಶ, ಹಾಲು ಒಕ್ಕೂಟದ ಡೇರಿ ಇರುವ ಊರು. ಪರಿಚಯದವರ ಮನೆಯಲ್ಲಿ ಟೆಂಪೋದವರು ಟಿವಿ ಡಬ್ಬಿ ಇಳಿಸಿ, ‘ಬಿಚ್ಚಬ್ಯಾಡ್ರಿ, ಟೆಕ್ನಿಷಿಯನ್ ಬರ್ತಾನ’ ಎಂದು ಹೋಗಿಬಿಟ್ಟರು. ಮರುದಿನ ಹುಬ್ಬಳ್ಳಿಯಿಂದ ಬೈಕಿನಲ್ಲಿ ಬಂದ ಹುಡುಗ ಗೋಡೆ ಬಡಿದು ನೋಡಿ, ಪೆನ್ಸಿಲ್ಲಿನಿಂದ ನಾಲ್ಕು ಗುರುತು ಹಾಕಿ, ಡ್ರಿಲ್ ಹಚ್ಚಿದ. ಮಣ್ಣಿನ ಗೋಡೆ, ಎರಡು ತೂತು ಅಗಲವಾದವು. ಮರದ ತುಂಡು ಹೆಟ್ಟಿ ಮತ್ತೆ ಕೊರೆದ.

‘ಬ್ರಾಕೆಟ್ ರೊಕ್ಕ ಬ್ಯಾರೆ ರೀ, ಕಾಕಾ.’

‘ನಿನಗ ಪಗಾರ ಕೊಡೂದಿಲ್ಲೇನು ಕಂಪನಿ?’

‘ಪಗಾರ ಎಲ್ಲೈತ್ರಿ? ಒಂದು ಕಾಲ್‌ಗೆ ಇಷ್ಟು ಅಂತ. ಪೆಟ್ರೋಲು ನಂದ. ನೀವು ಮನಿಗೆ ಕೀಲಿ ಹಾಕಿದ್ರ ಬಂದದ್ದು ದಂಡ.’

ಅಂಗಡಿಯ ಲೆಕ್ಕದಲ್ಲಿ ಉಳಿದ ಕೂಲಿ ಎಲ್ಲಿ ಹೋಯಿತೆಂಬ ಲೆಕ್ಕ ಅವನ ಬೈಕಿನ ಟ್ಯಾಂಕಿನಲ್ಲೂ ಕಾಕಾನ ಕಿಸೆಯಲ್ಲೂ ಸಿಗುತ್ತದೆ.