ಲ್ಯೂಬೆಕ್: ಒಂದು ವರ್ತಕನಗರ ಮತ್ತು ಅದರ ನುಡಿ

ಮಧ್ಯಯುಗದ ಯುರೋಪಿನ ನಗರಗಳನ್ನು ಕುರಿತ ಬರಹಗಳಲ್ಲಿ ಕೋಟೆ, ಇಗರ್ಜಿ, ಬಂದರುಗಳ ವರ್ಣನೆಗೆ ಹೆಚ್ಚಿನ ಸ್ಥಳ ದೊರೆಯುತ್ತದೆ. ಅಲ್ಲಿನ ವರ್ತಕರು ಯಾವ ಭಾಷೆಯಲ್ಲಿ ಲೆಕ್ಕ ಬರೆದರು, ಕರಾರು ಮಾಡಿಕೊಂಡರು ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. ಬಾಲ್ಟಿಕ್ ಸಮುದ್ರಕ್ಕೆ ಸಮೀಪದ ಲ್ಯೂಬೆಕ್ಕಿನ ಚರಿತ್ರೆಯನ್ನು ಈ ಪ್ರಶ್ನೆಯನ್ನು ಬಿಟ್ಟು ಓದಲಾಗದು.

ಟ್ರಾವೆ ನದಿಯ ದಂಡೆಯ ಈ ನಗರವನ್ನು ಕ್ರಿ.ಶ. 1143ರಲ್ಲಿ ಹೋಲ್‌ಸ್ಟೈನಿನ ಕೌಂಟ್ ಎರಡನೆಯ ಅಡಾಲ್ಫ್ ಸ್ಥಾಪಿಸಿದನು. 1157ರ ಬೆಂಕಿಯ ತರುವಾಯ, 1159ರಲ್ಲಿ, ‘ಸಿಂಹ’ನೆಂಬ ಬಿರುದಿನ ಸ್ಯಾಕ್ಸನಿಯ ಡ್ಯೂಕ್ ಹೈನ್ರಿಕ್ ಅದನ್ನು ಪುನಃ ಕಟ್ಟಿಸಿದನು. 1226ರಲ್ಲಿ ಎರಡನೆಯ ಫ್ರೆಡರಿಕನ ಸನದಿನಿಂದ ಲ್ಯೂಬೆಕ್ ಚಕ್ರವರ್ತಿಯೊಬ್ಬನಿಗೆ ಮಾತ್ರ ಅಧೀನವಾದ ಸ್ವತಂತ್ರ ನಗರವಾಯಿತು. ಅಧಿಕಾರ ವರ್ತಕರ ಪೌರಸಭೆಯ ಕೈಯಲ್ಲಿತ್ತು. ಆ ಸಭೆ ರೂಪಿಸಿದ ನಗರಶಾಸನವನ್ನು ಸುಮಾರು ನೂರು ಪಟ್ಟಣಗಳು ಅಂಗೀಕರಿಸಿದವು. ಇಂದಿನ ಎಸ್ಟೋನಿಯದ ತಾಲಿನ್ ಅವುಗಳಲ್ಲೊಂದು.

ಈ ಸಂಪತ್ತಿನ ಮೂಲ ಉಪ್ಪು ಮತ್ತು ಮೀನು. ಉಪವಾಸದ ದಿನಗಳಲ್ಲಿ ಮಾಂಸ ವರ್ಜ್ಯವಾಗಿದ್ದ ಕ್ರೈಸ್ತ ಯುರೋಪಿಗೆ ಮೀನು ಬೇಕಿತ್ತು. ನಮ್ಮ ಕರಾವಳಿಯ ಬೂತಾಯಿಯ ಬಂಧುವೆನ್ನಬಹುದಾದ ಹೆರಿಂಗ್ ಮೀನು, ಅಂದು ಡೆನ್ಮಾರ್ಕಿಗೆ ಸೇರಿದ್ದ ಸ್ಕೋನೆ ತೀರದಲ್ಲಿ ಹೇರಳವಾಗಿ ಸಿಗುತ್ತಿತ್ತು. ಅದನ್ನು ಕೆಡದಂತೆ ಇಡಲು ಬೇಕಾದ ಉಪ್ಪು ಲ್ಯೂನೆಬುರ್ಗಿನ ಉಪ್ಪುನೀರಿನ ಊಟೆಗಳಲ್ಲಿತ್ತು. ಲ್ಯೂಬೆಕ್ ಇವೆರಡರ ನಡುವೆ ನಿಂತಿತು. 1398ರಲ್ಲಿ ಪೂರ್ಣಗೊಂಡ ಸ್ಟೆಕ್‌ನಿಟ್ಸ್ ಕಾಲುವೆಯಿಂದ ಉಪ್ಪು ದೋಣಿಯಲ್ಲೇ ನಗರಕ್ಕೆ ಬರತೊಡಗಿತು. ಹಾನ್ಸಾ ಎಂಬ ವರ್ತಕನಗರಗಳ ಕೂಟ 1356ರಲ್ಲಿ ತನ್ನ ಮೊದಲ ಮಹಾಸಭೆಯನ್ನು ಸೇರಿಸಿದ್ದೂ ಇಲ್ಲಿಯೇ. ದೊರೆಯಾಗಲಿ ಸ್ಥಾಯೀ ಸೈನ್ಯವಾಗಲಿ ಇಲ್ಲದ ಈ ಕೂಟ 1370ರಲ್ಲಿ ಡೆನ್ಮಾರ್ಕಿನ ಮೇಲೆ ತನ್ನ ಷರತ್ತುಗಳನ್ನು ಹೇರಿತೆಂಬುದು ಸಾಮಾನ್ಯ ಸಂಗತಿಯಲ್ಲ.

ಲಂಡನ್, ಬ್ರೂಜ್, ಬೆರ್ಗೆನ್, ನೊವ್‌ಗೊರೊದ್‌ಗಳಲ್ಲಿದ್ದ ಹಾನ್ಸಾ ಕೋಠಿಗಳ ನುಡಿ ಕೆಳಜರ್ಮನ್. ಇಲ್ಲಿ ‘ಕೆಳ’ ಎಂದರೆ ಕೀಳಲ್ಲ, ಉತ್ತರದ ತಗ್ಗುನಾಡು. ಹದಿನಾಲ್ಕನೆಯ ಶತಮಾನದ ಉತ್ತರಾರ್ಧದಲ್ಲಿ ಪೌರಸಭೆಯ ಪತ್ರವ್ಯವಹಾರವೂ ಲ್ಯಾಟಿನನ್ನು ಬಿಟ್ಟು ಈ ನುಡಿಗೆ ಹೊರಳಿತು. ಸ್ವೀಡಿಷಿನಲ್ಲಿ ಹಣ ಸಲ್ಲಿಸುವುದಕ್ಕೆ ‘ಬೆತಾಲ’, ಕಿಟಕಿಗೆ ‘ಫೋನ್ಸ್ತೆರ್’, ‘ಭಾಷೆ’ ಎಂಬುದಕ್ಕೇ ‘ಸ್ಪ್ರೋಕ್’ ಎನ್ನುವರು. ಮೂರೂ ಕೆಳಜರ್ಮನಿನಿಂದ ಬಂದವು. ಒಂದು ಭಾಷೆ ತನ್ನ ಹೆಸರಿಗೂ ಸಾಲ ಮಾಡಬೇಕಾದರೆ ಆ ಸಂಪರ್ಕ ಎಷ್ಟು ನಿಕಟವಾಗಿದ್ದಿರಬೇಕು!

1494ರಲ್ಲಿ ಲ್ಯೂಬೆಕ್ಕಿನಲ್ಲಿ ಸ್ಟೆಫೆನ್ ಆರ್ಂಡೆಸ್ ಕೆಳಜರ್ಮನ್ ಬೈಬಲ್ಲನ್ನು ಸಚಿತ್ರವಾಗಿ ಮುದ್ರಿಸಿದನು. ಅದೇ ವರ್ಷ ಮಾಸ್ಕೋದ ಮೂರನೆಯ ಇವಾನ್ ನೊವ್‌ಗೊರೊದ್ ಕೋಠಿಯನ್ನು ಮುಚ್ಚಿಸಿದನು. ಮುಂದೆ ಡಚ್ಚರ ಹಡಗುಗಳು ವ್ಯಾಪಾರವನ್ನು ಸೆಳೆದುಕೊಂಡವು, ಸ್ವೀಡನ್ ಮತ್ತು ಡೆನ್ಮಾರ್ಕಿನ ಅರಸರು ಬಲಗೊಂಡರು. 1669ರ ಬಳಿಕ ಹಾನ್ಸಾ ಮಹಾಸಭೆ ಸೇರಲಿಲ್ಲ. ಆದರೆ ನುಡಿಯ ಹಿನ್ನಡೆಯನ್ನು ವ್ಯಾಪಾರದ ಲೆಕ್ಕಕ್ಕಷ್ಟೇ ಹಾಕುವುದು ಸರಿಯಲ್ಲ. 1534ರಲ್ಲಿ ಲೂಥರನ ಬೈಬಲ್ ಕೆಳಜರ್ಮನ್ ರೂಪದಲ್ಲಿ ಲ್ಯೂಬೆಕ್ಕಿನಲ್ಲೇ ಅಚ್ಚಾಗಿದ್ದರೂ, ಅದೇ ಶತಮಾನದಲ್ಲಿ ಕಚೇರಿ, ಶಾಲೆ, ಧರ್ಮಪೀಠಗಳು ಒಂದೊಂದಾಗಿ ದಕ್ಷಿಣದ ಮೇಲ್‌ಜರ್ಮನ್‌ಗೆ ಹೋದವು. ಬಿಟ್ಟುಕೊಟ್ಟವರು ಹೊರಗಿನವರಲ್ಲ, ನಗರದ ಪ್ರತಿಷ್ಠಿತರೇ. ಆಡುಮಾತಾಗಿ ಅದು ಹಳ್ಳಿ, ಹಡಗು, ಅಡುಗೆಮನೆಗಳಲ್ಲಿ ಉಳಿಯಿತು. (ಕನ್ನಡ ನಿಘಂಟುಕಾರ ಫರ್ಡಿನಂಡ್ ಕಿಟೆಲ್ 1832ರಲ್ಲಿ ಹುಟ್ಟಿದ ಪೂರ್ವ ಫ್ರೀಸ್‌ಲ್ಯಾಂಡ್ ಈ ಆಡುಮಾತಿನ ಪ್ರದೇಶವೇ.) ಪ್ರಾದೇಶಿಕ ಭಾಷೆಗಳ ಯುರೋಪಿಯನ್ ಸನದಿನಡಿ 1999ರಿಂದ ಅದಕ್ಕೆ ಜರ್ಮನಿಯಲ್ಲಿ ರಕ್ಷಣೆ ದೊರೆತಿದೆ.

1942ರ ಮಾರ್ಚಿನ ಬಾಂಬುದಾಳಿಯಲ್ಲಿ ಹಳೆಯ ನಗರದ ದೊಡ್ಡ ಭಾಗ ಸುಟ್ಟುಹೋಯಿತು. ಪತ್ರಾಗಾರದ ಹಾನ್ಸಾ ಕಾಲದ ದಾಖಲೆಗಳನ್ನು ಉಪ್ಪಿನ ಗಣಿಯೊಂದರಲ್ಲಿ ಅಡಗಿಸಿಡಲಾಗಿತ್ತು. ಯುದ್ಧಾನಂತರ ಅವು ಸೋವಿಯತ್ ವಶಕ್ಕೆ ಹೋಗಿ, ಬಹುಪಾಲು 1987ರಿಂದೀಚೆಗೆ ಮರಳಿದವು. ಇಂದು ಅವನ್ನು ಓದಲು ಲ್ಯೂಬೆಕ್ಕಿನವರಿಗೂ ವಿಶೇಷ ಶಿಕ್ಷಣ ಬೇಕು.